ಒಳಗಿನ ನುಣುಪು

ನಮ್ಮ ದೊಡ್ಡಪ್ಪನಿಗೆ ಬೀದಿಯವರು ಇಟ್ಟ ಹೆಸರು ನುಣುಪು ಮೇಸ್ತ್ರಿ. ಹೊಗಳಿಕೆ ಅಂದುಕೊಳ್ಳಬೇಡಿ, ಅರ್ಧಕ್ಕರ್ಧ ಲೇವಡಿ. ಕಪಾಟು ಮಾಡಿಸಲು ಬಂದವರಿಗೆ ಹೊರಗಿನ ಬಾಗಿಲು ಹೊಳೆದರೆ ಸಾಕಾಗಿತ್ತು. ದೊಡ್ಡಪ್ಪನಿಗೆ ಸಾಲುತ್ತಿರಲಿಲ್ಲ. ಗೋಡೆಗೆ ಆನಿಕೊಂಡು ಜನ್ಮದಲ್ಲಿ ಯಾರ ಕಣ್ಣಿಗೂ ಬೀಳದ ಹಿಂಬದಿಯನ್ನೂ ತೋಪಡ ಹಿಡಿದು ಹೆರೆಯಬೇಕು, ಉಪ್ಪುಕಾಗದದಲ್ಲಿ ತಿಕ್ಕಬೇಕು, ಜೇನುಮೇಣ ಸವರಬೇಕು. ಆಮೇಲೆ ಕಣ್ಣು ಮುಚ್ಚಿಕೊಂಡು ಅಂಗೈ ಆಡಿಸುವರು. ಎಲ್ಲಾದರೂ ಕೂದಲೆಳೆಯಷ್ಟು ತಡೆಯಿತೋ, ಮತ್ತೆ ಮೊದಲಿನಿಂದ ಶುರು.

"ಒಳಗೆ ಯಾರು ನೋಡ್ತಾರೆ ಮೇಸ್ತ್ರಿ?" ಎಂದು ಗಿರಾಕಿ ಕೇಳಿದರೆ, "ಒಳಗಿಡೋ ಬಟ್ಟೆ ನೋಡುತ್ತಲ್ಲ" ಅನ್ನುವರು. ಒಪ್ಪಿಕೊಂಡ ದಿನಕ್ಕೆ ಕೆಲಸ ಮುಗಿಸಿದ್ದನ್ನು ನಾನಂತೂ ಕಂಡವಳಲ್ಲ. ಊರ ಮದುಮಕ್ಕಳಿಗೆಲ್ಲ ಮಂಚ ಮಾಡಿಕೊಟ್ಟ ಈ ಮನುಷ್ಯ ಸ್ವಂತ ಅಡುಗೆಮನೆಗೆ ಒಂದು ಬಾಗಿಲು ಕೂಡಿಸಲಿಲ್ಲ. ಅಲ್ಲಿ ಹಳೆಯ ಪರದೆಯೇ ಗತಿ. ದೊಡ್ಡಮ್ಮ ಆ ಪರದೆಯನ್ನು ಸರಿಸುವಾಗಲೆಲ್ಲ, "ನಾನು ಕಟ್ಟಿಕೊಂಡಿದ್ದು ಗಂಡನ್ನಲ್ಲ, ತೋಪಡಾನ" ಎಂದು ಗೊಣಗುತ್ತಿದ್ದರು. ಅದು ಅವರಿಗೆ ಉಸಿರಾಡಿದಷ್ಟೇ ರೂಢಿಯಾಗಿತ್ತು.

ಆಮೇಲೆ ಕಾರ್ಖಾನೆಯ ಹಲಗೆ ಬಂತು. ಹೊಟ್ಟನ್ನು ಅಂಟಿನಲ್ಲಿ ಕಲಸಿ, ಒತ್ತಿ, ಮೇಲೊಂದು ಮರದ ಚಿತ್ರ ಅಂಟಿಸಿದ ಹಲಗೆ. ಸಂಜೆ ಹೇಳಿದರೆ ಬೆಳಗ್ಗೆ ಕಪಾಟು ಮನೆಗೆ ಬರುತ್ತದೆ, ಎರಡು ಮಳೆಗಾಲ ಕಳೆದರೆ ಊದಿಕೊಂಡು ಸಾಯುತ್ತದೆ. ಸಾಯಲಿ ಬಿಡಿ, ಇನ್ನೊಂದು ತಂದರಾಯಿತು ಅನ್ನುವ ಕಾಲ. ದೊಡ್ಡಪ್ಪನ ಅಂಗಡಿಗೆ ಬರುವವರು ಕಡಿಮೆಯಾದರು, ಕೊನೆಗೆ ಬರುತ್ತಿದ್ದವರು ಹರಟೆಗೆ ಬರುತ್ತಿದ್ದರು. ಇದ್ದೊಬ್ಬ ಮಗಳು ಮದುವೆಯಾಗಿ ದೂರದ ಊರು ಸೇರಿದ್ದಳು. ಅಂಗಡಿ ಮುಚ್ಚಿ, ಬಾಡಿಗೆ ಮನೆ ಬಿಟ್ಟು, ದೊಡ್ಡಪ್ಪ ದೊಡ್ಡಮ್ಮ ನಮ್ಮ ಮನೆಗೆ ಬಂದರು. ನನ್ನ ಅಪ್ಪ ಅವರ ಸ್ವಂತ ತಮ್ಮ. ಹಿಂದಿನ ಕೋಣೆ ಬಿಟ್ಟುಕೊಟ್ಟರು, ಅನ್ನಕ್ಕೆ ಯಾರೂ ಲೆಕ್ಕ ಹಾಕಲಿಲ್ಲ. ಆದರೂ ಅಣ್ಣನಾದವನು ತಮ್ಮನ ಮನೆಯಲ್ಲಿ ಊಟದ ತಟ್ಟೆಯ ಮುಂದೆ ಹೇಗೆ ಕೂರುತ್ತಾನೆ ಎಂಬುದನ್ನು ನೋಡಿದವರಿಗೇ ಗೊತ್ತು. ಎರಡನೇ ಸಲ ಬಡಿಸಲು ಹೋದರೆ ತಟ್ಟೆಯ ಮೇಲೆ ಕೈ ಅಡ್ಡ ಇಡುತ್ತಿದ್ದರು.

ಹಗಲೆಲ್ಲ ಹೊಸ್ತಿಲ ಬಳಿ ಕೂತು ನಮ್ಮ ಬಾಗಿಲ ಚೌಕಟ್ಟನ್ನು ಸವರುತ್ತಿದ್ದರು. ಅವರಿಗೆ ಬೇಕಾಗಿದ್ದೇನು ಎಂದು ಅವರು ಬಾಯಿಬಿಟ್ಟು ಹೇಳಿದವರಲ್ಲ, ಆದರೆ ಕುರುಡರಿಗೂ ಕಾಣುವಂತಿತ್ತು. ಯಾರಾದರೂ ಒಬ್ಬರು ಬಂದು, ಮೇಸ್ತ್ರಿ, ಇದು ನಿಮ್ಮ ಕೈಯಲ್ಲೇ ಆಗಬೇಕು, ಬೇರೆಯವರಿಂದ ಆಗದು ಅನ್ನಬೇಕು. ಅಷ್ಟೇ. ಬದುಕಿರುವಾಗ ಇನ್ನೊಂದು ಸಲ ಆ ಮಾತು ಕಿವಿಗೆ ಬೀಳಬೇಕು.

ಆ ಮಾತನ್ನು ಹೊತ್ತು ತಂದವಳು ನಾನೇ. ನಾನು ಅರಣ್ಯ ಕಚೇರಿಯ ಜೀಪು ಓಡಿಸುತ್ತೇನೆ. ಅಲ್ಲಿಗೆ ಹೊಸದಾಗಿ ಬಂದ ಹಕ್ಕಿ ಮೇಡಂಗೆ ಜೋತುಗಿಳಿಯ ಹುಚ್ಚು. ನಮ್ಮ ಕಾಡಿನಲ್ಲಿರುವ ಆ ಗಿಳಿಯನ್ನು ಗಿಳಿ ಅಂದರೆ ನಗಬೇಕು, ಗುಬ್ಬಿಗಿಂತ ಒಂದಿಷ್ಟು ದಪ್ಪ, ಅಷ್ಟೇ. ಮೈಯೆಲ್ಲ ಎಲೆಹಸಿರು, ಬೆನ್ನ ಕೊನೆಗೆ ಕೆಂಪು, ಬಾಲವೋ ಕತ್ತರಿಸಿಟ್ಟ ಹಾಗೆ ಮೋಟು. ಮರದ ಮೇಲಿದ್ದರೆ ಯಾವುದು ಎಲೆ ಯಾವುದು ಹಕ್ಕಿ ಎಂದು ತಿಳಿಯುವುದಿಲ್ಲ, ಹಾರುವಾಗ ಚೀಂಯ್ ಚೀಂಯ್ ಅಂದಾಗ ಮಾತ್ರ, ಓ, ಇಲ್ಲಿತ್ತಾ ಅನ್ನಬೇಕು. ಹೂವಿನ ಜೇನು ಹೀರುತ್ತದೆ, ಅತ್ತಿ ಆಲದ ಹಣ್ಣು ಕುಕ್ಕುತ್ತದೆ, ಕೊಕ್ಕನ್ನೇ ಮೂರನೇ ಕಾಲು ಮಾಡಿಕೊಂಡು ಕೊಂಬೆಯಿಂದ ಕೊಂಬೆಗೆ ಹತ್ತುತ್ತದೆ. ಮಲಗುವಾಗ ಬಾವಲಿಯಂತೆ ತಲೆಕೆಳಗಾಗಿ ಜೋತುಬೀಳುತ್ತದೆ. ಹೆಸರು ಬಂದದ್ದೂ ಅದರಿಂದಲೇ.

ಈ ಹಕ್ಕಿಗೆ ಒಂದೇ ಕಷ್ಟ. ಮರಕುಟಿಗನ ಹಾಗೆ ಮರ ಕೊರೆಯುವ ಕೊಕ್ಕು ಅದಕ್ಕಿಲ್ಲ, ಮೊಟ್ಟೆಗೆ ಮಾತ್ರ ಪೊಟರೆಯೇ ಬೇಕು. ಕೊಂಬೆ ಮುರಿದ ಗಾಯಕ್ಕೆ ನೀರಿಳಿದು, ಒಳಗೆಲ್ಲ ಕೊಳೆತು, ಒಂದು ಒಳ್ಳೆಯ ಪೊಟರೆಯಾಗಲು ಮನುಷ್ಯನ ಆಯಸ್ಸೇ ಹಿಡಿಯುತ್ತದೆ. ಅಂಥ ಮರಗಳನ್ನು ಹಿಂದಿನ ಸಾಹೇಬರೊಬ್ಬರು, ಒಣಗಿದ್ದು ಕೊಳೆತದ್ದು ಕಾಡಿಗೆ ಕಸ ಎಂದು ಒಂದೂ ಬಿಡದೆ ಕಡಿಸಿದ್ದರು. ಕಾಡು ಗುಡಿಸಿಟ್ಟ ಅಂಗಳದ ಹಾಗಾಯಿತು, ಸಾಹೇಬರಿಗೆ ಬಡ್ತಿಯೂ ಸಿಕ್ಕಿತು. ಗಿಳಿಗಳು ಹೊಳೆಯಂಚಿನ ಉಳಿದ ಕೆಲವು ಮರಗಳಿಗಾಗಿ ಕಿತ್ತಾಡಿಕೊಂಡು ವರ್ಷ ವರ್ಷಕ್ಕೆ ಕಡಿಮೆಯಾಗುತ್ತಿದ್ದವು. ಅದಕ್ಕೇ ಮೇಡಂ ಮರದ ಪೆಟ್ಟಿಗೆ ಮಾಡಿಸಿ ನೇತುಹಾಕಬೇಕೆಂದು ಹೊರಟಿದ್ದರು.

ಮೊದಲು ಮಾದರಿಗೆಂದು ಕೆಲವನ್ನು ಮಾಡಿಕೊಟ್ಟವನು ಮೊಳೆರಾಯ, ಸಂತೆಗೆ ಹಣ್ಣಿನ ಪೆಟ್ಟಿಗೆ ಬಡಿಯುವವನು. ದೊಡ್ಡಪ್ಪನಿಗೆ ಅವನ ಹೆಸರೆತ್ತಿದರೆ ಮೈಯೆಲ್ಲ ಉರಿ. ಗರಗಸದಿಂದ ಬಂದ ಹಲಗೆ ಬಂದ ಹಾಗೇ, ಒಂದು ಉದ್ದ ಒಂದು ಗಿಡ್ಡ, ಎಲ್ಲಿ ಸಾಲದೋ ಅಲ್ಲಿ ಇನ್ನೊಂದು ಮೊಳೆ. ಮೇಡಂ ಅವನ ಪೆಟ್ಟಿಗೆಯನ್ನು ಬೆಳಕಿಗೆ ಹಿಡಿದು, "ಈ ಸಂದಿನಲ್ಲಿ ಮಳೆ ನೀರೆಲ್ಲ ಒಳಗೆ ಹೋಗುತ್ತೆ" ಎಂದು ಬೇಸರಪಟ್ಟುಕೊಂಡರು. ತಂದಾಗಿದೆಯಲ್ಲ ಎಂದು ಅವನ್ನು ಹೊಳೆಯ ಆಚೆ ದಡಕ್ಕೆ ಕಟ್ಟಿಸಿ, "ಇನ್ನೂ ಚೆನ್ನಾಗಿ ಮಾಡೋರು ಯಾರಾದ್ರೂ ಗೊತ್ತಾ?" ಎಂದು ನನ್ನನ್ನು ಕೇಳಿದರು.

ಗೊತ್ತಾ ಅಂದರೆ!

ಮರುದಿನವೇ ಅವರನ್ನು ಮನೆಗೆ ಕರೆತಂದೆ. ಮೇಡಂ ನಮ್ಮ ಹಿಂದಿನ ಕೋಣೆಯಲ್ಲಿ ಕೂತು, ದೊಡ್ಡಪ್ಪ ಹಿಂದೆಂದೋ ಮಾಡಿದ ಒಂದು ಸಣ್ಣ ಪೆಟ್ಟಿಗೆಯ ಮುಚ್ಚಳ ತೆಗೆದು, ಹಾಕಿ, ಮತ್ತೆ ತೆಗೆದರು. ಮುಚ್ಚಳ ಉಸಿರೆಳೆದ ಹಾಗೆ ಮೆಲ್ಲಗೆ ಕೂರುತ್ತಿತ್ತು.

"ಮೇಸ್ತ್ರಿ, ಇದು ನಿಮ್ಮಿಂದಲೇ ಆಗಬೇಕು" ಎಂದರು. "ಗಿಳಿ ಬಂದು ಮರಿ ಮಾಡಿದ್ರೆ ಕಚೇರಿಯಲ್ಲೇ ನಿಮಗೆ ಕಾಯಂ ಕೆಲಸ ಕೊಡಿಸ್ತೀನಿ."

ದೊಡ್ಡಪ್ಪ ಎದ್ದು ಹೋಗಿ ಮುಖ ತೊಳೆದುಕೊಂಡು ಬಂದರು. ದೊಡ್ಡಮ್ಮ ಬಾಗಿಲ ಹಿಂದೆ ನಿಂತು, "ಗಂಡಸಿಗೆ ಗಿಳಿ ಬಂದು ಅನ್ನ ಕೊಡೋ ಕಾಲ ಬಂತು" ಎಂದು ಮೂಗು ಮುರಿದರು, ಮುರಿದ ಮೂಗನ್ನೇ ಸೆರಗಿನಲ್ಲಿ ಒರೆಸಿಕೊಂಡರು.

ಮೇಡಂ ಕೊಟ್ಟ ನಕ್ಷೆಯಲ್ಲಿ ಎಲ್ಲ ಇತ್ತು. ಎಷ್ಟು ಅಗಲ, ಹಳೆಯ ಪೊಟರೆಯಂತೆ ಎಷ್ಟು ಆಳ, ಬಾಯಿ ಎಷ್ಟು ಕಿರಿದು. ದೊಡ್ಡಪ್ಪ ಅದನ್ನು ಗೋಡೆಗೆ ಅಂಟಿಸಿಕೊಂಡು ಹಿತ್ತಿಲಲ್ಲಿ ಕೆಲಸದ ಮೇಜು ಹೂಡಿದರು. ನಮ್ಮ ಮನೆಗೆ ಮತ್ತೆ ಮರದ ವಾಸನೆ ಬಂತು. ಊಟಕ್ಕೆ ಕರೆದರೆ, "ಬಂದೆ" ಎಂದು ಗದರುತ್ತಿದ್ದರು. ಆ ಗದರಿಕೆ ಕೇಳಿ ನನ್ನ ಅಪ್ಪ ನಗುತ್ತಿದ್ದರು, ಅಣ್ಣ ಮತ್ತೆ ಅಣ್ಣನಾದ ಎಂದು. ತಟ್ಟೆಯ ಮೇಲೆ ಕೈ ಅಡ್ಡ ಇಡುವುದು ನಿಂತಿತು.

ಒಂದು ದಿನ ಮಧ್ಯಾಹ್ನ ನೋಡುತ್ತೇನೆ, ಜೋಡಿಸುವ ಮೊದಲು ಹಲಗೆಗಳ ಒಳಮೈಗೂ ಮೇಣ ತಿಕ್ಕುತ್ತಿದ್ದಾರೆ.

"ಗಿಳಿಗೂ ಪಾಲಿಶ್ ಬೇಕಾ ದೊಡ್ಡಪ್ಪ?"

"ಎಳೆ ಮರಿ ಕಣೆ. ಮೈಮೇಲೆ ಪುಕ್ಕ ಇರಲ್ವಂತೆ, ಬರೀ ಚರ್ಮ. ಒಂದು ಸಿಬಿರು ಚುಚ್ಚಿದ್ರೆ?" ಎಂದರು. ಕಣ್ಣು ಮುಚ್ಚಿ ಅಂಗೈ ಆಡಿಸಿದರು. "ಮುಟ್ಟಿ ನೋಡು."

ಮುಟ್ಟಿದೆ. ಬೆಣ್ಣೆಯ ಹಾಗಿತ್ತು. ಪೆಟ್ಟಿಗೆಗಳು ಕಚೇರಿಗೆ ಹೋದಾಗ ಮೇಡಂ ಕೂಡ ಒಳಗೆ ಕೈ ಹಾಕಿ, "ಅಯ್ಯೋ, ಎಷ್ಟು ಚೆಂದ! ಒಂದು ಹನಿ ನೀರು ನಿಲ್ಲಲ್ಲ" ಎಂದರು. ದೊಡ್ಡ ಸಾಹೇಬರು ಬಂದು ಕೈ ಹಾಕಿದರು, ಗುಮಾಸ್ತರು ಕೈ ಹಾಕಿದರು. ಪೆಟ್ಟಿಗೆ ಹಿಡಿದ ದೊಡ್ಡಪ್ಪನ ಫೋಟೋ ಕಚೇರಿಯ ಗೋಡೆ ಏರಿತು. ಅಷ್ಟು ಜನ ಕೈ ಹಾಕಿದರಲ್ಲ, ಒಬ್ಬರ ಕೈಗೂ ಏನೂ ಹೊಳೆಯಲಿಲ್ಲ.

ಹೊಳೆಯ ಈಚೆ ದಡದ ಮರಗಳಿಗೆಲ್ಲ ದೊಡ್ಡಪ್ಪನ ಪೆಟ್ಟಿಗೆ ಕಟ್ಟಿದರು. ಹೂವಿನ ಕಾಲ ಶುರುವಾಗುತ್ತಲೇ ಗಿಳಿಗಳು ಬಂದವು. ಗಂಡು ದೂರ ಕೂತು ಯಜಮಾನಿಕೆ ಮಾಡುತ್ತಿತ್ತು, ಮನೆ ಕಟ್ಟುವ ಕೆಲಸವೆಲ್ಲ ಹೆಣ್ಣಿನದು. ಅದು ಎಲೆಯ ಅಂಚನ್ನು ಕೊಕ್ಕಿನಲ್ಲಿ ಪಟ್ಟಿಪಟ್ಟಿಯಾಗಿ ಕತ್ತರಿಸಿ, ಬೆನ್ನ ಕೊನೆಯ ಕೆಂಪು ಪುಕ್ಕದೊಳಗೆ ಸಿಕ್ಕಿಸಿಕೊಂಡು, ಹಸಿರು ಕಡ್ಡಿಗಳು ಚೆಲ್ಲಾಪಿಲ್ಲಿ ಕಾಣುವ ಹಾಗೆ ಪೆಟ್ಟಿಗೆಗೆ ಹಾರುತ್ತಿತ್ತು. ಮೇಡಂ ಕೊಟ್ಟ ದುರ್ಬೀನಿನಲ್ಲಿ ಅದನ್ನು ನೋಡಿ ದೊಡ್ಡಪ್ಪ ನಕ್ಕಿದ್ದೇ ನಕ್ಕಿದ್ದು.

"ನೋಡೇ, ಉಳಿಯನ್ನ ಸೊಂಟಕ್ಕೆ ಸಿಕ್ಕಿಸ್ಕೊಂಡು ಕೆಲಸಕ್ಕೆ ಹೊರಟ ಮೇಸ್ತ್ರಿ ಥರ ಇದೆ!"

ಅವರು ಹಾಗೆ ನಕ್ಕಿದ್ದನ್ನು ಅಂಗಡಿ ಮುಚ್ಚಿದ ಮೇಲೆ ನಾನು ಕಂಡಿರಲೇ ಇಲ್ಲ. ಆಮೇಲೆ ದಿನವೂ ನನ್ನ ಜೀಪಿನಲ್ಲಿ ಕಾಡಿಗೆ ಬರುವುದು ರೂಢಿಯಾಯಿತು. ಮನೆಗೆ ಹೋದರೆ ದೊಡ್ಡಮ್ಮನಿಗೂ ಗಿಳಿಯದೇ ಪುರಾಣ. ದೊಡ್ಡಮ್ಮ, "ನಾನು ಬಾಣಂತಿಯಾಗಿದ್ದಾಗ ಇಷ್ಟು ವಿಚಾರಿಸಿಕೊಂಡಿದ್ರೆ ಸಾಕಾಗಿತ್ತು" ಎನ್ನುತ್ತ ಪಕ್ಕದಲ್ಲೇ ಕೂತು ಪೂರ್ತಿ ಕೇಳುತ್ತಿದ್ದರು.

ಮರಿಗಳಾದವು. ಗಂಡ ಹೆಂಡತಿ ಎರಡೂ ಬಾಯಿ ತುಂಬಿಕೊಂಡು ಒಳಗೆ ಹೋಗುವುದು, ಖಾಲಿ ಬಾಯಲ್ಲಿ ಹೊರಗೆ ಬರುವುದು. ಬೆಳೆದ ಹಕ್ಕಿಗೆ ರೆಕ್ಕೆ ಇದೆ, ಒಂದು ಬಡಿತಕ್ಕೆ ಆ ಕಿರಿಬಾಯಿಗೆ ಏರುತ್ತಿತ್ತು. ಮರಿ ಇರುವಾಗ ಪೆಟ್ಟಿಗೆ ಮುಟ್ಟಬಾರದು, ಮುಟ್ಟಿದರೆ ತಾಯಿ ಬಿಟ್ಟು ಹೋದೀತು ಎಂದು ಮೇಡಂ ಕಟ್ಟಪ್ಪಣೆ ಮಾಡಿದ್ದರು. ಹಾಗಾಗಿ ಯಾರೂ ಮರ ಹತ್ತಲಿಲ್ಲ. ಎಲ್ಲರೂ ಕೆಳಗೆ ನಿಂತು ಕಾದೆವು.

ಮರಿಗಳಿಗೆ ಹಾರುವ ವಯಸ್ಸಾದಾಗ ಗಿಳಿಗಳು ಉಣಿಸುವುದನ್ನು ಕಡಿಮೆ ಮಾಡುತ್ತವಂತೆ. ತಾಯಿ ಎದುರಿನ ಕೊಂಬೆಯಲ್ಲಿ ಕೂತು ಕರೆಯುತ್ತದೆ, ಹಸಿದ ಮರಿ ಉಗುರು ಕೊಕ್ಕು ಊರಿ ಹತ್ತಿ ಹೊರಗೆ ಬರುತ್ತದೆ. ಮೇಡಂ ಹೇಳಿದ ಹಾಗೆಯೇ ಆಯಿತು. ತಾಯಿಗಳು ಹೊರಗೆ ಕೂತು ಕರೆದವು. ಒಳಗಿನಿಂದ ಮರಿಗಳು ಉತ್ತರ ಕೊಟ್ಟವು. ದೊಡ್ಡಪ್ಪ ಒಂದು ಮರಕ್ಕೆ ಕಿವಿ ಹಚ್ಚಿ ನಿಂತು ನನ್ನನ್ನು ಕೈಸನ್ನೆಯಲ್ಲಿ ಕರೆದರು.

"ಕೇಳು. ಒಳಗೆ ಕೆರೀತಿವೆ. ಹೊರಗೆ ಬರೋಕೆ ಎಷ್ಟು ಆತುರ ನೋಡು!"

ನಾನೂ ಕಿವಿ ಹಚ್ಚಿದೆ. ಸರಸರ ಸರಸರ, ಆಮೇಲೆ ಧೊಪ್. ಮತ್ತೆ ಸರಸರ. ದೊಡ್ಡಪ್ಪನ ಮುಖದಲ್ಲಿ ಮೊಮ್ಮಗುವಿನ ಹೆಜ್ಜೆ ಕೇಳಿಸಿಕೊಂಡವರ ಕಳೆ ಇತ್ತು. ಮರುದಿನವೂ ಸದ್ದಿತ್ತು. ಅದರ ಮರುದಿನ ಕಡಿಮೆಯಾಯಿತು. ಆಚೆ ದಡದಲ್ಲಿ ಮೊಳೆರಾಯನ ಸೊಟ್ಟ ಪೆಟ್ಟಿಗೆಗಳ ಬಾಯಿಂದ ಅಷ್ಟರಲ್ಲಿ ಮರಿಗಳ ತಲೆ ಇಣುಕಿತ್ತು, ಕೆಲವು ಹಾರಿಯೂ ಹೋಗಿದ್ದವು. "ಇವು ಸ್ವಲ್ಪ ತಡ. ಮನೆ ಬೆಚ್ಚಗಿದೆಯಲ್ಲ, ಬಿಟ್ಟು ಬರೋಕೆ ಮನಸ್ಸಿಲ್ಲ" ಎಂದು ದೊಡ್ಡಪ್ಪ ತಮಾಷೆ ಮಾಡಿದರು. ಆಮೇಲೆ ಈಚೆ ದಡದ ಮರಗಳಲ್ಲಿ ಸದ್ದೇ ನಿಂತಿತು. ತಾಯಿಗಳು ಇನ್ನೂ ಕರೆಯುತ್ತಲೇ ಇದ್ದವು.

ಪೆಟ್ಟಿಗೆ ಇಳಿಸಿ ಮುಚ್ಚಳ ತೆಗೆದಾಗ ನಾನು ಪಕ್ಕದಲ್ಲೇ ಇದ್ದೆ. ತಳದಲ್ಲಿ ಒಣಗಿದ ಎಲೆಪಟ್ಟಿಗಳ ಮೇಲೆ ಮರಿಗಳು ಒಂದರ ಮೇಲೊಂದು ಬಿದ್ದಿದ್ದವು. ಪುಕ್ಕವೆಲ್ಲ ಬಂದಿತ್ತು, ಬೆನ್ನ ಮೇಲೆ ಕೆಂಪೂ ಮೂಡಿತ್ತು. ಹಾರುವುದೊಂದೇ ಬಾಕಿ. ಒಳಗೋಡೆಯ ಮೇಣದ ಮೇಲೆ ಸಣ್ಣ ಸಣ್ಣ ಗೀರುಗಳು ತಳದಿಂದ ಒಂದು ಗೇಣಿನಷ್ಟು ಮೇಲೆ ಬಂದು ನಿಂತಿದ್ದವು. ಅಲ್ಲಿಂದ ಮೇಲಕ್ಕೆ ಮೇಣ ಹಾಗೇ ಹೊಳೆಯುತ್ತಿತ್ತು.

ಎರಡನೇ ಪೆಟ್ಟಿಗೆಯಲ್ಲೂ ಅದೇ. ಮೂರನೆಯದನ್ನು ತೆಗೆಯುವಾಗ ಮೇಡಂ ಅಳುತ್ತಿದ್ದರು.

"ನನ್ನ ತಪ್ಪು ಮೇಸ್ತ್ರಿ. ಒಳಗೆ ಒರಟಾಗಿರಲಿ ಅಂತ ನಾನು ಹೇಳಬೇಕಿತ್ತು. ಉಗುರಿಗೆ ಹಿಡಿತ ಸಿಗಲಿಲ್ಲ. ಆದ್ರೆ... ಇಷ್ಟು ಕಡೆ ಪೆಟ್ಟಿಗೆ ಮಾಡಿಸಿದೀನಿ, ಎಲ್ಲೂ ಅದನ್ನ ಹೇಳೋ ಪ್ರಸಂಗವೇ ಬಂದಿರಲಿಲ್ಲ. ಒಳಗೆ ಯಾರೂ ನುಣುಪು ಮಾಡಲ್ಲ."

ದೊಡ್ಡಪ್ಪ ಪೆಟ್ಟಿಗೆಯೊಳಗೆ ಕೈ ಹಾಕಿದರು. ಈ ಸಲ ಕಣ್ಣು ಮುಚ್ಚಲಿಲ್ಲ. ಗೀರು ಎಲ್ಲಿಂದ ಎಲ್ಲಿವರೆಗಿದೆ ಎಂದು ಬೆರಳಿನಲ್ಲಿ ಹುಡುಕಿ, ಅಲ್ಲೇ ಬೆರಳು ಇಟ್ಟುಕೊಂಡು ತುಂಬ ಹೊತ್ತು ನಿಂತರು. "ನಾನು ಕಿವಿ ಇಟ್ಟು ಕೇಳಿದ್ನಲ್ಲ ತಾಯಿ" ಎಂದರು.

ಗೋಡೆಯಿಂದ ಫೋಟೋ ಇಳಿಯಿತು. ಪೆಟ್ಟಿಗೆಯೊಳಗೆ ಕೈ ಹಾಕಿ ಆಹಾ ಓಹೋ ಅಂದಿದ್ದ ಗುಮಾಸ್ತರೇ, "ಮೊದಲೇ ನನಗೆ ಅನುಮಾನ ಇತ್ತು" ಎಂದರು. ಅವರನ್ನು ಜೀಪಿನಲ್ಲಿ ಕೂರಿಸಿಕೊಂಡು ಹೊಂಡ ನೋಡಿ ನೋಡಿ ಗಾಡಿ ಇಳಿಸಿದ್ದೇನೆ, ಇಷ್ಟಕ್ಕೆ ನನ್ನ ಕೋಪ ಮುಗಿಯಿತು ಅಂದುಕೊಳ್ಳಬೇಡಿ. ಮೇಡಂ ಮಾತ್ರ ಕೈಬಿಡಲಿಲ್ಲ. ಮನೆಗೇ ಬಂದು, ಅವೇ ಪೆಟ್ಟಿಗೆಗಳ ಒಳಗೆ ಉಳಿಯಲ್ಲಿ ಕಚ್ಚು ಹಾಕಿಕೊಡಿ, ಹೊಸವನ್ನು ಗರಗಸದಿಂದ ಬಂದ ಹಾಗೇ ಜೋಡಿಸಿ, ಮುಂದಿನ ಹೂವಿನ ಕಾಲಕ್ಕೆ ಕಟ್ಟೋಣ, ಕೆಲಸದ ಮಾತು ಹಾಗೇ ಇದೆ ಎಂದರು. ನನ್ನ ಅಪ್ಪ ಒತ್ತಾಯ ಮಾಡಿದರು. ದೊಡ್ಡಮ್ಮ ಈ ಸಲ ಕುಟುಕಲಿಲ್ಲ. ಅವರು ಕುಟುಕದೇ ಇದ್ದದ್ದಕ್ಕೇ ನನಗೆ ಹೆಚ್ಚು ಭಯವಾಯಿತು.

ದೊಡ್ಡಪ್ಪ ಮಾಡಿದರು. ಉಳಿ ಹಿಡಿದು ತಾವೇ ತಿಕ್ಕಿದ ಒಳಮೈಗೆ ತಾವೇ ಕಚ್ಚು ಹಾಕಿದರು. ಹೊಸ ಹಲಗೆಗಳಿಗೆ ತೋಪಡ ಮುಟ್ಟಿಸಲಿಲ್ಲ. ಒಂದೊಂದು ಸಲ ಅವರ ಕೈ ತಾನಾಗಿಯೇ ಉಪ್ಪುಕಾಗದದ ಕಡೆ ಹೋಗುತ್ತಿತ್ತು, ಬಿಸಿ ತಾಗಿದ ಹಾಗೆ ಹಿಂದಕ್ಕೆ ಬರುತ್ತಿತ್ತು. ಊಟಕ್ಕೆ ಕರೆದರೆ ಮೊದಲ ಕೂಗಿಗೇ ಎದ್ದು ಬರುತ್ತಿದ್ದರು.

ಮುಂದಿನ ಹೂವಿನ ಕಾಲ ಬಂತು. ಗಿಳಿಗಳಿಗೆ ಹಳೆಯದೇನೂ ನೆನಪಿರಲಿಲ್ಲವೋ, ಇದ್ದೂ ಬೇರೆ ಜಾಗವಿರಲಿಲ್ಲವೋ, ಅವೇ ಪೆಟ್ಟಿಗೆಗಳಿಗೆ ಎಲೆಪಟ್ಟಿ ಹೊತ್ತು ಬಂದವು. ತಾಯಿ ಕೊಂಬೆಯ ಮೇಲೆ ಕೂತು ಕರೆಯಲು ಶುರುಮಾಡಿದ ಬೆಳಗ್ಗೆ ನಾವೆಲ್ಲ ಹೊಳೆ ದಡದಲ್ಲಿದ್ದೆವು. ಒಳಗೆ ಸರಸರ ಸದ್ದಾಯಿತು. ನನಗೆ ಕಿವಿ ಮುಚ್ಚಿಕೊಳ್ಳಬೇಕೆನಿಸಿತು. ಸದ್ದು ನಿಲ್ಲಲಿಲ್ಲ, ಬೀಳಲಿಲ್ಲ, ಮೇಲೆ ಮೇಲೆ ಬಂತು. ಕಿರಿಬಾಯಲ್ಲಿ ಒಂದು ಹಸಿರು ತಲೆ ಕಾಣಿಸಿತು. ಅದು ಅತ್ತ ಇತ್ತ ನೋಡಿ, ಅರ್ಧ ಹೊರಗೆ ಬಂದು, ತಾಯಿ ಇನ್ನೊಮ್ಮೆ ಕರೆದದ್ದೇ ದೊಪ್ಪನೆ ಗಾಳಿಗೆ ಬಿದ್ದು ಹಾರಿಯೇ ಬಿಟ್ಟಿತು. ಎಲ್ಲರೂ ಚಪ್ಪಾಳೆ ತಟ್ಟಿದರು.

"ನಿಮ್ಮ ಪೆಟ್ಟಿಗೆಯಿಂದಲೇ ಮೇಸ್ತ್ರಿ!" ಎಂದು ಮೇಡಂ ಅವರ ಕೈ ಹಿಡಿದು ಕುಲುಕಿದರು.

"ಹೌದು ತಾಯಿ, ಒಳ್ಳೇದಾಯ್ತು" ಎಂದು ದೊಡ್ಡಪ್ಪ ಕೈ ಬಿಡಿಸಿಕೊಂಡು ಜೀಪಿನ ಕಡೆ ನಡೆದರು. ಉಳಿದ ಮರಿಗಳು ಬರುವುದನ್ನು ನೋಡಲು ನಿಲ್ಲಲಿಲ್ಲ.

ದಾರಿಯಲ್ಲಿ ನನಗೆ ತಡೆಯಲಾಗಲಿಲ್ಲ. "ಮರಿ ಹಾರ್ತಲ್ಲ ದೊಡ್ಡಪ್ಪ. ಕೆಲಸವೂ ಕಾಯಂ ಆಯ್ತು. ಸಂತೋಷ ಇಲ್ವಾ ನಿಮಗೆ?"

"ಇದೆ ಕಣೆ, ಯಾಕಿಲ್ಲ? ಆ ಮರಿ ಬದುಕ್ತಲ್ಲ, ಅಷ್ಟು ಸಾಕು." ಸ್ವಲ್ಪ ದೂರ ಹೋದ ಮೇಲೆ ಹೇಳಿದರು, "ಅದಕ್ಕೆ ಬೇಕಾಗಿದ್ದು ಕೆಟ್ಟ ಕೆಲಸ. ನಾನು ಜೀವಮಾನದಲ್ಲಿ ಕಲೀದೇ ಇದ್ದಿದ್ದು ಅದೊಂದೇ. ಕೆಟ್ಟ ಕೆಲಸಕ್ಕೆ ನಾನ್ಯಾಕೆ ಬೇಕು, ಮಗಳೇ? ಮೊಳೆರಾಯನಿಗೆ ಹೇಳು. ಅವನಿಗೆ ಕೈ ಬಂದಿದೆ."

ಬೈಯೋಣ ಅನಿಸಿತು. ತಮ್ಮನ ಮನೆಯ ಹೊಸ್ತಿಲೇ ಗತಿ ಅಂತ ಗೊತ್ತಿದ್ದೂ ಯಾಕೆ ಈ ಜಂಭ ಎಂದು ಕೇಳೋಣ ಅನಿಸಿತು. ಆದರೆ ಅದು ಜಂಭವಾಗಿರಲಿಲ್ಲ. ಪಕ್ಕಕ್ಕೆ ತಿರುಗಿ ನೋಡಿದರೆ ಅವರು ಎರಡೂ ಕೈಯನ್ನು ತೊಡೆಯ ಮೇಲೆ ಮಗುಚಿಟ್ಟುಕೊಂಡು ಕೂತಿದ್ದರು, ಯಾರದೋ ಕೈಗಳನ್ನು ಕಾಯುತ್ತ ಕೂತ ಹಾಗೆ. ನನಗೆ ರಸ್ತೆ ಮಂಜಾಯಿತು. ಗಾಡಿ ನಿಲ್ಲಿಸಿ ಅತ್ತೆ. ಅವರು ನಾನು ಮುಗಿಸುವ ತನಕ ಕಾದರು.

ಈಗ ಪೆಟ್ಟಿಗೆಗಳನ್ನು ಮೊಳೆರಾಯನೇ ಬಡಿಯುತ್ತಾನೆ. ಜೋತುಗಿಳಿಗಳು ಹೆಚ್ಚಾಗಿವೆ, ಮೇಡಂಗೆ ದೊಡ್ಡ ಹೆಸರು ಬಂದಿದೆ. ಊಟಕ್ಕೆ ಕೂತಾಗ ಆ ಸುದ್ದಿ ಹೇಳಿದರೆ ದೊಡ್ಡಪ್ಪ ನಿಜವಾಗಿಯೂ ಸಂತೋಷಪಡುತ್ತಾರೆ, ಎಷ್ಟು ಮರಿ, ಯಾವ ಮರದಲ್ಲಿ ಎಂದು ಕೇಳುತ್ತಾರೆ. ಅಷ್ಟರಲ್ಲಿ ಅಮ್ಮ ಎರಡನೇ ಸಲ ಬಡಿಸಲು ಬಂದರೆ, ತಟ್ಟೆಯ ಮೇಲೆ ಕೈ ಅಡ್ಡ ಬರುತ್ತದೆ.